ಗೋವಾದಲ್ಲಿ ಬಾವುಟ ಬದಲಾದ ಮೇಲೆ ಕಟ್ಟಳೆ ಬದಲಿಸಿದವರು ಯಾರು?

ಕಾರವಾರ: ಮಾಜಾಳಿ ದಾಟಿ ಪೊಳೆಂ ಚೆಕ್‌ಪೋಸ್ಟ್ ಆಚೆ ಕಾಲಿಟ್ಟರೆ ಮಾತು ಬದಲಾಗುವುದಿಲ್ಲ. ಈಚೆಯೂ ಕೊಂಕಣಿ, ಆಚೆಯೂ ಕೊಂಕಣಿ. ದೇವರು ಅದೇ, ನೆಂಟರು ಅವರೇ, ಮೀನು ಸಾರಿನ ಹುಳಿಯೂ ಹೆಚ್ಚುಕಡಿಮೆ ಒಂದೇ. ಆದರೆ ಜಮೀನಿನ ಕಾಗದ, ಮದುವೆಯ ನೋಂದಣಿ, ಅಪ್ಪನ ಆಸ್ತಿಯಲ್ಲಿ ಮಗಳ ಪಾಲು ಎಂಬ ವಿಷಯ ಬಂದ ಕೂಡಲೇ ಗಡಿ ಎದ್ದು ನಿಲ್ಲುತ್ತದೆ. ಕಾಣಕೋಣಕ್ಕೆ ಮಗಳನ್ನು ಕೊಟ್ಟವರಿಗೆ, ವಾಸ್ಕೊದಲ್ಲಿ ದುಡಿದು ಮನೆ ಕಟ್ಟಿಕೊಂಡವರಿಗೆ, ಸಾಂಗೆ ಕಡೆ ಗಣಿ ಲಾರಿ ಓಡಿಸಿದವರಿಗೆ ಇದು ಚೆನ್ನಾಗಿ ಗೊತ್ತು.

ಹೀಗೇಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, "ಅದು ಪೋರ್ತುಗೀಸರ ಕಾಲದ ಕಾನೂನು" ಎಂಬುದು. ಈ ಉತ್ತರ ಅರ್ಧ ಮಾತ್ರ ಸರಿ. ಪೋರ್ತುಗೀಸರು ಹೋಗಿ ಅರವತ್ತು ವರ್ಷಗಳು ಕಳೆದಿವೆ. ಅವರ ಕೆಲವು ಕಟ್ಟಳೆಗಳು ಹೋದವು, ಕೆಲವು ಉಳಿದವು, ಇನ್ನು ಕೆಲವು ಅರ್ಧ ಹೋಗಿ ಅರ್ಧ ಉಳಿದವು. ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂದು ತೀರ್ಮಾನಿಸಿದ್ದು ಒಬ್ಬರಲ್ಲ. ದೆಹಲಿ ಸರ್ಕಾರ, ಎರವಲು ಬಂದ ಅಧಿಕಾರಿಗಳು, ಗೇಣಿದಾರರು, ಗಾಂವಕಾರರು, ಗಣಿ ಮಾಲೀಕರು, ಪತ್ರಿಕೆಗಳು, ನ್ಯಾಯಾಲಯಗಳು, ನೆರೆಯ ರಾಜ್ಯಗಳು ಎಲ್ಲರದ್ದೂ ಇದರಲ್ಲಿ ಕೈಯಿದೆ.

ಒಂದೂವರೆ ದಿನದ ಕಾರ್ಯಾಚರಣೆ

ಗೋವಾದ ಬಿಡುಗಡೆಗೆ ಮುನ್ನ ಗಡಿ ಹಳ್ಳಿಗಳು ಬಹಳ ಕಷ್ಟ ಅನುಭವಿಸಿದ್ದವು. 1946ರ ಜೂನ್ 18ರಂದು ಮಡಗಾಂವದಲ್ಲಿ ರಾಮಮನೋಹರ ಲೋಹಿಯಾ ಅವರು ಸಭೆಯ ಮೇಲಿನ ನಿರ್ಬಂಧ ಮುರಿದ ಮೇಲೆ ಚಳವಳಿ ಬಲಗೊಂಡಿತು. 1955ರ ಆಗಸ್ಟ್ 15ರಂದು ಗಡಿ ದಾಟಿ ನುಗ್ಗಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಹಲವರು ಸತ್ತರು. ಆ ಬಳಿಕ ಭಾರತ ಗೋವಾಕ್ಕೆ ಆರ್ಥಿಕ ದಿಗ್ಬಂಧನ ಹಾಕಿತು. ಕ್ಯಾಸಲ್‌ರಾಕ್ ಮೂಲಕ ಓಡುತ್ತಿದ್ದ ರೈಲು ನಿಂತಿತು. ಒಂದೇ ಮನೆತನದವರು ಗಡಿಯ ಎರಡೂ ಕಡೆ ಹಂಚಿಹೋದರು.

1961ರ ನವೆಂಬರ್‌ನಲ್ಲಿ ಕಾರವಾರದ ಕಣ್ಣೆದುರಿಗೇ ಇರುವ ಅಂಜದೀವ ದ್ವೀಪದಿಂದ ಭಾರತದ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 17ರ ರಾತ್ರಿ ಆರಂಭವಾದ 'ಆಪರೇಷನ್ ವಿಜಯ್' ಡಿಸೆಂಬರ್ 19ರಂದು ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಅವರ ಶರಣಾಗತಿಯೊಂದಿಗೆ ಮುಗಿಯಿತು. ಅಂಜದೀವದಲ್ಲಿ ಇಳಿದ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು. 1510ರಿಂದ ನಡೆದುಬಂದ ಆಳ್ವಿಕೆ ಒಂದೂವರೆ ದಿನದಲ್ಲಿ ಕೊನೆಗೊಂಡಿತು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಮಿಲಿಟರಿ ಗವರ್ನರ್ ಆದರು.

ಮರುದಿನ ಬೆಳಿಗ್ಗೆ ಎದ್ದ ಗೋವಾದ ರೈತನಿಗೆ ಯಾವ ಕಾನೂನು ಅನ್ವಯ? ಗೇಣಿ ಯಾರಿಗೆ ಕೊಡಬೇಕು? ಮಗುವಿನ ಜನನ ಎಲ್ಲಿ ನೋಂದಾಯಿಸಬೇಕು? ಕೈಯಲ್ಲಿದ್ದ ಎಸ್ಕುಡೊ ನೋಟು ನಡೆಯುತ್ತದೆಯೇ? ಬಾವುಟ ಏರಿಸಿದಷ್ಟು ಸುಲಭವಾಗಿ ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಸಾಧ್ಯವಿರಲಿಲ್ಲ.

ದೆಹಲಿಯ ಮೊದಲ ತೀರ್ಮಾನ

ಸಂವಿಧಾನದ 12ನೇ ತಿದ್ದುಪಡಿಯ ಮೂಲಕ ಗೋವಾ, ದಮನ್ ಮತ್ತು ದಿಯು 1961ರ ಡಿಸೆಂಬರ್ 20ರಿಂದ ಅನ್ವಯವಾಗುವಂತೆ ಕೇಂದ್ರಾಡಳಿತ ಪ್ರದೇಶವಾಯಿತು. ಮುಂದಿನದ್ದೆಲ್ಲಕ್ಕೂ ಬುನಾದಿ ಹಾಕಿದ್ದು 1962ರ ಗೋವಾ, ದಮನ್ ಮತ್ತು ದಿಯು ಆಡಳಿತ ಕಾಯ್ದೆ. ಅದರ 5ನೇ ಕಲಂ ಹೇಳಿದ್ದು ಇಷ್ಟೇ: ಅಲ್ಲಿಯವರೆಗೆ ಜಾರಿಯಲ್ಲಿದ್ದ ಕಾನೂನುಗಳು, ಅಧಿಕಾರವುಳ್ಳ ಶಾಸಕಾಂಗ ಅವನ್ನು ಬದಲಿಸುವವರೆಗೆ ಅಥವಾ ರದ್ದುಪಡಿಸುವವರೆಗೆ ಮುಂದುವರಿಯತಕ್ಕದ್ದು.

ಇದು ನೋಡಲು ಸಣ್ಣ ವಾಕ್ಯ. ಆದರೆ ಇದರ ಪರಿಣಾಮ ದೊಡ್ಡದು. ಹಳೆಯದು ಉಳಿಯಲು ಯಾರೂ ಏನೂ ಮಾಡಬೇಕಿಲ್ಲ, ತಾನಾಗಿಯೇ ಉಳಿಯುತ್ತದೆ. ಬದಲಾವಣೆ ಬೇಕೆಂದವರು ಮಾತ್ರ ಸಂಘಟಿತರಾಗಬೇಕು, ಚುನಾವಣೆ ಗೆಲ್ಲಬೇಕು, ಮಸೂದೆ ತರಬೇಕು. ಗೋವಾದಲ್ಲಿ ಯಾವ ಕಟ್ಟಳೆ ಬೇಗ ಬಿತ್ತು, ಯಾವುದು ತಡವಾಗಿ ಬಿತ್ತು, ಯಾವುದು ಬೀಳಲೇ ಇಲ್ಲ ಎಂಬ ಲೆಕ್ಕವನ್ನು ಬಿಡಿಸುವ ಕೀಲಿಕೈ ಇದೇ ಎನ್ನಬಹುದು.

ನ್ಯಾಯಾಲಯಗಳು ಇದಕ್ಕೆ ಇನ್ನೊಂದು ಅರ್ಥವನ್ನು ಸೇರಿಸಿದವು. ಪೋರ್ತುಗೀಸ್ ಸರ್ಕಾರ ಕೊಟ್ಟ ಆಮದು ಲೈಸೆನ್ಸ್‌ಗಳನ್ನು ಭಾರತ ಒಪ್ಪಲೇಬೇಕು ಎಂದು ಪೇಮಾ ಚಿಬರ್ ಎಂಬ ವ್ಯಾಪಾರಿ ಸುಪ್ರೀಂ ಕೋರ್ಟ್‌ಗೆ ಹೋದಾಗ, ನ್ಯಾಯಾಲಯ ಒಪ್ಪಲಿಲ್ಲ. ಹಿಂದಿನ ದೊರೆ ಕೊಟ್ಟ ಹಕ್ಕು ಹೊಸ ಸರ್ಕಾರ ಮಾನ್ಯ ಮಾಡಿದರೆ ಮಾತ್ರ ನಡೆಯುತ್ತದೆ ಎಂಬುದು ತೀರ್ಪಿನ ಸಾರ. ಅಂದರೆ ಗೋವಾದಲ್ಲಿ ಇಂದು ನಡೆಯುವ ಹಳೆಯ ಕಾನೂನು ಲಿಸ್ಬನ್ನಿನ ಬಲದಿಂದ ನಡೆಯುತ್ತಿಲ್ಲ. ಭಾರತದ ಸಂಸತ್ತು ಉಳಿಸಿಕೊಂಡದ್ದರಿಂದ ನಡೆಯುತ್ತಿದೆ.

ಹೀಗೆ ಉಳಿಸಿಕೊಳ್ಳುವುದು ಗೋವಾಕ್ಕೆ ಹೊಸದೇನೂ ಆಗಿರಲಿಲ್ಲ. ಪೋರ್ತುಗೀಸರೇ 1526ರಲ್ಲಿ ಹಳ್ಳಿಗಳ ಗಾಂವಕಾರಿ ಪದ್ಧತಿಯನ್ನು ಬರಹಕ್ಕಿಳಿಸಿ ಮಾನ್ಯ ಮಾಡಿದ್ದರು. ಹೈದರಾಲಿಯ ದಾಳಿಗೆ ಸಿಕ್ಕಿ ಶಿರಸಿ ಬಳಿಯ ಸೋದೆಯ ಅರಸರು ಗೋವಾದಲ್ಲಿ ಆಶ್ರಯ ಪಡೆದು, ಮುಂದೆ ಫೋಂಡಾ, ಕಾಣಕೋಣ ಪ್ರದೇಶಗಳು ಪೋರ್ತುಗೀಸರಿಗೆ ಸೇರಿದಾಗಲೂ ಅಲ್ಲಿನ ರೂಢಿಗಳನ್ನು ಬಹುಮಟ್ಟಿಗೆ ಹಾಗೆಯೇ ಬಿಡಲಾಗಿತ್ತು. ಹೊಸ ದೊರೆ ಬಂದಾಗ ಹಳೆಯ ಕಟ್ಟಳೆಯ ಮೇಲೆ ಕುಳಿತೇ ಆಡಳಿತ ಆರಂಭಿಸುವುದು ಆ ನೆಲದ ವಾಡಿಕೆ.

ಎರವಲು ಅಧಿಕಾರಿಗಳು

ಕಾನೂನು ಹಳೆಯದು, ಆದರೆ ಕುರ್ಚಿಯಲ್ಲಿ ಕೂತವರು ಹೊಸಬರು. ಪೋರ್ತುಗೀಸ್ ಭಾಷೆಯಲ್ಲಿದ್ದ ಕಡತಗಳನ್ನು ಓದಬಲ್ಲವರು ಹಳೆಯ ನೌಕರರು ಮಾತ್ರ. ಇಂಗ್ಲಿಷ್ ಕಡತ ಬರೆಯಬಲ್ಲವರು ನೆರೆ ರಾಜ್ಯಗಳಿಂದ, ಅದರಲ್ಲೂ ಮಹಾರಾಷ್ಟ್ರದಿಂದ, ಡೆಪ್ಯುಟೇಶನ್ ಮೇಲೆ ಬಂದವರು. ಹಳೆಯ ನೌಕರರನ್ನು ಸೇವೆಯಲ್ಲಿ ಸೇರಿಸಿಕೊಳ್ಳಲು 1965ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು.

ಹಳ್ಳಿಯಲ್ಲಿ 'ರೆಜಿದೋರ್' ಎಂಬ ಪೋರ್ತುಗೀಸ್ ಕಾಲದ ಅಧಿಕಾರಿ ಹೋಗಿ ತಾಲ್ಲೂಕಿಗೆ ಮಾಮಲೇದಾರ ಬಂದ. 1968ರ ಭೂಕಂದಾಯ ಸಂಹಿತೆಯಡಿ ಸರ್ವೆ ನಡೆದು ಹೊಸ ಹಕ್ಕುದಾಖಲೆಗಳು ಸಿದ್ಧವಾದವು. ನಮ್ಮ ಕಡೆಯ ಪಹಣಿಗೆ ಸಮನಾದ 'ಫಾರಂ 1 ಮತ್ತು 14' ಬಂದದ್ದು ಹೀಗೆ. ಆದರೆ ಹಳೆಯ ಪೋರ್ತುಗೀಸ್ ನೋಂದಣಿ ಪುಸ್ತಕಗಳು ಬೆಲೆ ಕಳೆದುಕೊಳ್ಳಲಿಲ್ಲ. ಒಂದೇ ಜಮೀನಿಗೆ ಎರಡು ಕಾಲದ ಎರಡು ದಾಖಲೆ ಎಂಬ ಪರಿಸ್ಥಿತಿ ಅಂದು ಹುಟ್ಟಿತು. ಇಂದಿನ ಎಷ್ಟೋ ತಕರಾರುಗಳ ಬೇರು ಅಲ್ಲಿದೆ.

ಉನ್ನತ ನ್ಯಾಯಾಲಯದ ಕಥೆಯೂ ಇಂಥದ್ದೇ. ಗೋವಾದ ಹಳೆಯ 'ರೆಲಸಾಂವ್' ನ್ಯಾಯಾಲಯದ ಜಾಗದಲ್ಲಿ ಜುಡಿಷಿಯಲ್ ಕಮಿಷನರ್ ಕೋರ್ಟ್ ಬಂತು. 1982ರಲ್ಲಿ ಬಾಂಬೆ ಹೈಕೋರ್ಟ್‌ನ ಪೀಠ ಪಣಜಿಯಲ್ಲಿ ಆರಂಭವಾಯಿತು.

ಮತದಾರ ಕೊಟ್ಟ ಅಚ್ಚರಿ

ಮೊದಲ ವಿಧಾನಸಭಾ ಚುನಾವಣೆ 1963ರ ಡಿಸೆಂಬರ್‌ನಲ್ಲಿ ನಡೆಯಿತು. ದೆಹಲಿಯಲ್ಲಿ ಆಳುತ್ತಿದ್ದ ಕಾಂಗ್ರೆಸ್ಸೇ ಗೆಲ್ಲುತ್ತದೆ ಎಂದು ಹೊರಗಿನವರು ಭಾವಿಸಿದ್ದರು. ಆದರೆ ಗೋವಾದ 28 ಕ್ಷೇತ್ರಗಳಲ್ಲಿ ಒಂದೂ ಆ ಪಕ್ಷಕ್ಕೆ ದಕ್ಕಲಿಲ್ಲ. ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ ಮಿತ್ರರೊಂದಿಗೆ ಸೇರಿ 16 ಸ್ಥಾನ ಪಡೆಯಿತು. ಡಾ. ಜಾಕ್ ಡಿ ಸಿಕ್ವೇರಾ ನೇತೃತ್ವದ ಯುನೈಟೆಡ್ ಗೋವನ್ಸ್ ಪಕ್ಷಕ್ಕೆ 12 ಸ್ಥಾನ ಬಂತು. ದಯಾನಂದ ಬಾಂದೋಡಕರ್ ಮೊದಲ ಮುಖ್ಯಮಂತ್ರಿಯಾದರು.

ಬಾಂದೋಡಕರ್ ಸ್ವತಃ ಗಣಿ ಮಾಲೀಕರು. ಆದರೆ ಅವರ ಹಿಂದೆ ನಿಂತವರು ಗೇಣಿದಾರರು, ಕೂಲಿಕಾರರು, ಅಲ್ಲಿ 'ಬಹುಜನ ಸಮಾಜ' ಎಂದು ಕರೆಯುವ ಹಿಂದುಳಿದ ಸಮುದಾಯಗಳು. ಭೂಮಿಯ ಮೇಲೆ ಹಿಡಿತವಿದ್ದ ಮೇಲ್ಜಾತಿ ಹಿಂದೂಗಳು ಮತ್ತು ಕ್ರೈಸ್ತ ಭಾಟಕಾರರ ವಿರುದ್ಧದ ಸಿಟ್ಟು ಮತಪೆಟ್ಟಿಗೆಯಲ್ಲಿ ಬಿತ್ತು. ಈ ಸರ್ಕಾರ ಹಳ್ಳಿಹಳ್ಳಿಗೆ ಪ್ರಾಥಮಿಕ ಶಾಲೆ ತೆರೆಯಿತು. 1964ರಲ್ಲಿ ಕೃಷಿ ಗೇಣಿ ಕಾಯ್ದೆ ತಂದಿತು. ಬಾಂದೋಡಕರ್ 1973ರಲ್ಲಿ ತೀರಿಕೊಂಡ ಬಳಿಕ ಮುಖ್ಯಮಂತ್ರಿಯಾದ ಅವರ ಪುತ್ರಿ ಶಶಿಕಲಾ ಕಾಕೋಡಕರ್ ಅವರ ಕಾಲದಲ್ಲಿ 1975ರ ಮುಂಡಕಾರ ರಕ್ಷಣೆ ಕಾಯ್ದೆ ಮತ್ತು ಗೇಣಿ ಕಾಯ್ದೆಯ 5ನೇ ತಿದ್ದುಪಡಿ ಬಂದವು. ತಿದ್ದುಪಡಿಯಿಂದ ಗೇಣಿದಾರನೇ ಜಮೀನಿನ ಒಡೆಯನೆಂದು ಭಾವಿಸತಕ್ಕದ್ದು ಎಂದಾಯಿತು. ಭಾಟಕಾರನ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಮುಂಡಕಾರನನ್ನು ಮನಬಂದಂತೆ ಎಬ್ಬಿಸುವುದು ನಿಂತಿತು.

ಕರ್ನಾಟಕದಲ್ಲೂ ಅದೇ ಹೊತ್ತಿಗೆ, 1974ರಲ್ಲಿ, ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಿತ್ತು. ಕಾರವಾರ, ಅಂಕೋಲಾ ಕಡೆಯ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ನಿಂತದ್ದು ಹಿರಿಯರ ನೆನಪಿನಲ್ಲಿ ಇಂದಿಗೂ ಇದೆ. ಗಡಿಯ ಎರಡೂ ಕಡೆ ಉಳುವವನಿಗೆ ನೆಲ ಬಂದದ್ದು ಹತ್ತಿರ ಹತ್ತಿರದ ವರ್ಷಗಳಲ್ಲಿ. ಆದರೆ ಗೋವಾದಲ್ಲಿ ಆ ನೆಲದ ಒಂದು ಪಾಲು ಇನ್ನೊಂದು ಸಂಸ್ಥೆಯ ಕೈಯಲ್ಲೂ ಇತ್ತು. ತೊಡಕು ಅಲ್ಲಿ ಹುಟ್ಟಿತು.

ಗಾಂವಕಾರಿಯೂ ಇದೆ, ಪಂಚಾಯತಿಯೂ ಇದೆ

ಗೋವಾದ ಹಳ್ಳಿಗಳಲ್ಲಿ ನೆಲ ಮೂಲತಃ ಊರಿನ ಗಾಂವಕಾರರ ಸಾಮೂಹಿಕ ಸೊತ್ತು. ಮೊದಲು ನೆಲೆಸಿದ ಮನೆತನಗಳ ಗಂಡು ಸಂತತಿ ಅದರ ಸದಸ್ಯರು. ಗದ್ದೆಗಳನ್ನು ಹರಾಜಿನ ಮೂಲಕ ಸಾಗುವಳಿಗೆ ಕೊಟ್ಟು, ಬಂದ ಹಣದಲ್ಲಿ ಬಾಂಧ್, ತೂಬು, ಕೆರೆ, ದಾರಿ, ದೇವಸ್ಥಾನ ನೋಡಿಕೊಂಡು, ಮಿಕ್ಕಿದ್ದನ್ನು 'ಜೋಣ್' ಎಂದು ಹಂಚಿಕೊಳ್ಳುತ್ತಿದ್ದರು. ಪೋರ್ತುಗೀಸರು ಇದನ್ನು 'ಕೊಮುನಿದಾದ್' ಎಂದರು. ಇದರ ಇಡೀ ನಿಯಮಾವಳಿಯನ್ನು ಪರಿಷ್ಕರಿಸಿದ ಸಂಹಿತೆ ಹೊರಬಂದದ್ದು 1961ರ ಏಪ್ರಿಲ್ 15ರಂದು, ಅಂದರೆ ಆಳ್ವಿಕೆ ಮುಗಿಯಲು ಎಂಟು ತಿಂಗಳಿದ್ದಾಗ. 5ನೇ ಕಲಂನ ದೆಸೆಯಿಂದ ಅದೇ ಸಂಹಿತೆ, ತಿದ್ದುಪಡಿಗಳೊಂದಿಗೆ, ಇಂದಿಗೂ ನಡೆಯುತ್ತಿದೆ.

ಆದರೆ 1962ರಲ್ಲೇ ಗ್ರಾಮ ಪಂಚಾಯತಿಗಳು ಬಂದವು. ಊರಿನಲ್ಲಿ ವಾಸವಿರುವ ಪ್ರತಿಯೊಬ್ಬ ವಯಸ್ಕನಿಗೂ, ಹೆಂಗಸರಿಗೂ, ಮತ ಸಿಕ್ಕಿತು. ಗಾಂವಕಾರಿಯಲ್ಲಿ ಹುಟ್ಟು ಮುಖ್ಯ, ಪಂಚಾಯತಿಯಲ್ಲಿ ವಾಸ ಮುಖ್ಯ. ಹೊಸ ಸರ್ಕಾರ ಕೊಮುನಿದಾದನ್ನು ರದ್ದು ಮಾಡಲಿಲ್ಲ, ಅದರ ಕೆಲಸಗಳನ್ನು ಒಂದೊಂದಾಗಿ ಬೇರೆಯವರಿಗೆ ವಹಿಸಿತು. ದಾರಿ, ದೀಪ, ಮನೆ ಕಟ್ಟುವ ಪರವಾನಗಿ ಪಂಚಾಯತಿಗೆ ಹೋಯಿತು. ಗದ್ದೆ ಗೇಣಿದಾರನಿಗೆ ಹೋಯಿತು. ಗಾಂವಕಾರರಿಗೆ ಉಳಿದದ್ದು ಗುಡ್ಡ, ಬಯಲು, ಸಾಗುವಳಿಯಾಗದ ನೆಲ.

ಇದರ ಲಾಭ ನಷ್ಟ ಎರಡನ್ನೂ ಹೇಳಬೇಕು. ತಲೆತಲಾಂತರದಿಂದ ಪರರ ಗದ್ದೆ ಉತ್ತವನಿಗೆ ತನ್ನದೆನ್ನುವ ನೆಲ ಸಿಕ್ಕಿದ್ದು ದೊಡ್ಡ ನ್ಯಾಯ. ಆದರೆ ಉಪ್ಪುನೀರು ತಡೆಯುವ ಖಾಜಣ ಗದ್ದೆಗಳ ಬಾಂಧ್‌ಗಳನ್ನು ಯಾರು ಕಾಯಬೇಕು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲಿಲ್ಲ. ಕಾಯ್ದೆ ಆ ಹೊಣೆಯನ್ನು ಗೇಣಿದಾರರ ಸಂಘಗಳಿಗೆ ಕೊಟ್ಟಿತು. ಹಲವೆಡೆ ಸಂಘಗಳು ಹೆಸರಿಗಷ್ಟೇ ಉಳಿದವು, ಬಾಂಧ್ ಒಡೆದು ಗದ್ದೆಗೆ ಉಪ್ಪುನೀರು ನುಗ್ಗಿತು. ಒಂದು ಸಂಸ್ಥೆಯ ಆದಾಯ ಒಬ್ಬರಿಗೆ, ಅಧಿಕಾರ ಇನ್ನೊಬ್ಬರಿಗೆ, ದುಡಿಮೆಯ ಹೊಣೆ ಮತ್ತೊಬ್ಬರಿಗೆ ಹೋದಾಗ ನಡುವೆ ಬೀಳುವುದು ಊರಿನ ಸೊತ್ತು. ಕಗ್ಗ ಭತ್ತ ಬೆಳೆಯುತ್ತಿದ್ದ ಅಘನಾಶಿನಿ ಬಾಯಿಯ ಗಜನಿಗಳನ್ನು ಬಲ್ಲ ಕುಮಟಾ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ಎಲೆ, ಒಂದು ಹೂವು

ಮಹಾರಾಷ್ಟ್ರವಾದಿ ಗೋಮಂತಕ ಪಕ್ಷದ ಇನ್ನೊಂದು ಗುರಿ ಗೋವಾವನ್ನು ಮಹಾರಾಷ್ಟ್ರದೊಂದಿಗೆ ವಿಲೀನ ಮಾಡುವುದು. ಹತ್ತು ವರ್ಷ ತಡೆದು ಜನರೇ ತೀರ್ಮಾನಿಸಲಿ ಎಂಬುದು ನೆಹರೂ ಅವರ ನಿಲುವಾಗಿತ್ತು. ಅವರು ತೀರಿಕೊಂಡ ನಂತರ ಒತ್ತಡ ಹೆಚ್ಚಿತು. ವಿಧಾನಸಭೆಯ ಬಹುಮತದಿಂದಲೇ ವಿಲೀನ ಆಗಲಿ ಎಂದು ಒಂದು ಪಕ್ಷ ಹೇಳಿದರೆ, ಜನರನ್ನೇ ನೇರವಾಗಿ ಕೇಳಿ ಎಂದು ಸಿಕ್ವೇರಾ ಮತ್ತು ಅವರ ಜೊತೆಗಾರರು ಪಟ್ಟು ಹಿಡಿದರು. ಗೋವಾ ಕಾಂಗ್ರೆಸ್ಸಿನ ಪುರುಷೋತ್ತಮ ಕಾಕೋಡಕರ್ ದೆಹಲಿಯಲ್ಲಿ ಇದಕ್ಕಾಗಿ ಓಡಾಡಿದರು. 1966ರಲ್ಲಿ ಸಂಸತ್ತು ಜನಮತ ಗಣನೆ ಕಾಯ್ದೆ ಮಾಡಿತು. ಮತದಾನ ನಿಷ್ಪಕ್ಷಪಾತವಾಗಿರಲಿ ಎಂಬ ಬೇಡಿಕೆಗೆ ಮಣಿದು ಬಾಂದೋಡಕರ್ ಸರ್ಕಾರ ರಾಜೀನಾಮೆ ಕೊಟ್ಟಿತು, ರಾಷ್ಟ್ರಪತಿ ಆಳ್ವಿಕೆ ಬಂತು.

1967ರ ಜನವರಿ 16ರಂದು ಮತದಾನ ನಡೆಯಿತು. ಪ್ರತ್ಯೇಕ ಉಳಿಯಲು ಎರಡು ಎಲೆಯ ಗುರುತು, ವಿಲೀನಕ್ಕೆ ಹೂವಿನ ಗುರುತು. 'ರಾಷ್ಟ್ರಮತ' ಎಂಬ ಮರಾಠಿ ಪತ್ರಿಕೆಯೇ ಮರಾಠಿ ರಾಜ್ಯದೊಂದಿಗಿನ ವಿಲೀನವನ್ನು ವಿರೋಧಿಸಿ ನಿಂತದ್ದು ವಿಶೇಷ. ಅದರಲ್ಲಿ ಉದಯ ಭೆಂಬ್ರೆ ಅವರ ಅಂಕಣ ಹಿಂದೂ ಓದುಗರನ್ನು ಮುಟ್ಟಿತು. ಉಲ್ಹಾಸ ಬುಯಾಂವ್ ಅವರ ಕೊಂಕಣಿ ಹಾಡುಗಳು ಹಳ್ಳಿಗಳಿಗೆ ತಲುಪಿದವು. ಫಲಿತಾಂಶದಲ್ಲಿ ಪ್ರತ್ಯೇಕ ಉಳಿಯುವ ಪರ 1,72,191 ಮತ, ವಿಲೀನದ ಪರ 1,38,170 ಮತ ಬಿದ್ದವು. ಅಂತರ 34,021. ಅದೇ ವರ್ಷ ನಡೆದ ಚುನಾವಣೆಯಲ್ಲಿ ಅದೇ ಜನ ಬಾಂದೋಡಕರ್ ಅವರನ್ನು ಮತ್ತೆ ಗೆಲ್ಲಿಸಿದರು. ನೆಲ ಕೊಡುವ ನಾಯಕ ಬೇಕು, ಊರಿನ ಹೆಸರು ಅಳಿಸುವ ವಿಲೀನ ಬೇಡ ಎಂಬ ಎರಡು ಮಾತನ್ನೂ ಮತದಾರ ಬೇರೆ ಬೇರೆಯಾಗಿ ಹೇಳಿದ್ದ.

ಈ ಫಲಿತಾಂಶ ಉತ್ತರ ಕನ್ನಡಕ್ಕೂ ಮುಖ್ಯವಾಗಿತ್ತು. ಆ ಹೊತ್ತಿಗೆ ಕಾರವಾರ, ಸೂಪಾ, ಹಳಿಯಾಳ ತನಗೆ ಸೇರಬೇಕೆಂದು ಮಹಾರಾಷ್ಟ್ರ ಹಕ್ಕು ಮಂಡಿಸಿತ್ತು. 1966ರ ಅಕ್ಟೋಬರ್‌ನಲ್ಲಿ ಮಹಾಜನ ಆಯೋಗ ನೇಮಕವಾಗಿತ್ತು. ಗೋವಾ ಮಹಾರಾಷ್ಟ್ರಕ್ಕೆ ಸೇರಿದ್ದರೆ ಮಾಜಾಳಿಯ ಆಚೆಯ ದಂಡೆಯೇ ಮಹಾರಾಷ್ಟ್ರವಾಗುತ್ತಿತ್ತು, ಕಾರವಾರದ ಮೇಲಿನ ಹಕ್ಕಿಗೆ ನೆಲದ ಹೊಂದಾಣಿಕೆಯೂ ಸಿಗುತ್ತಿತ್ತು. ಮೈಸೂರು ರಾಜ್ಯದ ನಾಯಕರು ಗೋವಾ ವಿಲೀನಕ್ಕೆ ಒಪ್ಪದಿರಲು ಇದೂ ಒಂದು ಕಾರಣ. ಜನಮತ ಗಣನೆಯ ಏಳು ತಿಂಗಳ ಬಳಿಕ ಬಂದ ಮಹಾಜನ ವರದಿ ಕಾರವಾರದ ಮೇಲಿನ ಬೇಡಿಕೆಯನ್ನು ಒಪ್ಪಲಿಲ್ಲ.

ಗಣಿ: ಇಪ್ಪತ್ತಾರು ವರ್ಷದ ತಡ

ಗೇಣಿದಾರರಿಗೆ ಮತದ ಬಲವಿತ್ತು. ಗಣಿ ಮಾಲೀಕರಿಗೆ ಹಣದ ಬಲವಿತ್ತು. ಪೋರ್ತುಗೀಸ್ ಸರ್ಕಾರ ಕಾಲಮಿತಿಯಿಲ್ಲದ ಗಣಿ ರಿಯಾಯಿತಿಗಳನ್ನು ಕೊಟ್ಟಿತ್ತು. 1940ರ ದಶಕದ ಕೊನೆಯಿಂದ ಕಬ್ಬಿಣದ ಅದಿರು ಹೊರದೇಶಕ್ಕೆ ಹೋಗತೊಡಗಿ, ಜಪಾನ್ ದೊಡ್ಡ ಗಿರಾಕಿಯಾಯಿತು. ಗಣಿ ಮನೆತನಗಳು ಪತ್ರಿಕೆ ನಡೆಸಿದವು, ಕಾಲೇಜು ಕಟ್ಟಿದವು. ಪಣಜಿಯ ಧೆಂಪೆ ಕಾಲೇಜು, ಮಡಗಾಂವದ ಚೌಗುಲೆ ಕಾಲೇಜು 1962ರಲ್ಲಿ ಆರಂಭವಾದವು. ಅಲ್ಲಿಯವರೆಗೆ ಪದವಿಗಾಗಿ ಮುಂಬಯಿ, ಬೆಳಗಾವಿ, ಧಾರವಾಡಕ್ಕೆ ಹೋಗಬೇಕಿದ್ದ ಮಕ್ಕಳಿಗೆ ಇದರಿಂದ ಉಪಕಾರವಾಯಿತು.

ಆದರೆ ರಿಯಾಯಿತಿಗಳನ್ನು ರದ್ದುಮಾಡಿ ಭಾರತದ ಕಾನೂನಿನಂತೆ ಗುತ್ತಿಗೆಗಳೆಂದು ಘೋಷಿಸುವ ಕಾಯ್ದೆ ಸಂಸತ್ತಿನಲ್ಲಿ ಬಂದದ್ದು 1987ರಲ್ಲಿ. ಅದನ್ನು 1961ರ ಡಿಸೆಂಬರ್ 20ರಿಂದಲೇ ಪೂರ್ವಾನ್ವಯ ಮಾಡಲಾಯಿತು. ವ್ಯಾಜ್ಯಗಳು ಮುಗಿಯಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್, ಈ ಗುತ್ತಿಗೆಗಳ ಅವಧಿ 2007ರ ನವೆಂಬರ್ 22ಕ್ಕೇ ಮುಗಿದಿತ್ತು ಎಂದಿತು. 2018ರ ಫೆಬ್ರುವರಿಯ ತೀರ್ಪು ಎರಡನೇ ನವೀಕರಣವನ್ನೂ ರದ್ದುಮಾಡಿತು. ಆ ವರ್ಷದ ಮಾರ್ಚ್ 16ರಿಂದ ಗಣಿಗಳು ನಿಂತಾಗ ಲಾರಿ ಮಾಲೀಕರು, ಚಾಲಕರು, ಗ್ಯಾರೇಜಿನವರು, ಹೋಟೆಲಿನವರು ಕೆಲಸವಿಲ್ಲದೆ ಕೂತರು. ಅವರಲ್ಲಿ ಕನ್ನಡ ನಾಡಿನಿಂದ ಹೋದವರೂ ಇದ್ದರು. 1961ರಲ್ಲಿ ಕೇಳಬೇಕಿದ್ದ ಪ್ರಶ್ನೆಯನ್ನು ಮುಂದೂಡಿದ್ದರ ಬೆಲೆಯನ್ನು ಅರ್ಧ ಶತಮಾನದ ನಂತರ ತೆತ್ತವರು ಇವರು.

ಯಾರೂ ಮುಟ್ಟದ ಸಂಹಿತೆ

ಇನ್ನು ಕುಟುಂಬ ಕಾನೂನು. 1867ರ ಪೋರ್ತುಗೀಸ್ ಸಿವಿಲ್ ಸಂಹಿತೆ 1870ರಿಂದ ಗೋವಾದಲ್ಲಿ ಜಾರಿಯಲ್ಲಿತ್ತು. ಹಿಂದೂ, ಕ್ರೈಸ್ತ, ಮುಸ್ಲಿಂ ಎನ್ನದೆ ಬಹುಮಟ್ಟಿಗೆ ಎಲ್ಲರಿಗೂ ಒಂದೇ ನಿಯಮ. ಪೂರ್ತಿ ಒಂದೇ ಎನ್ನಲಾಗದು. ಹಿಂದೂಗಳ ರೂಢಿ ಕುರಿತ 1880ರ ಕಟ್ಟಳೆ, ಚರ್ಚಿನ ಮದುವೆಗೆ ಪ್ರತ್ಯೇಕ ವಿಧಿ ಎಂಬ ಕೆಲವು ವಿನಾಯಿತಿಗಳು ಇದ್ದವು. 1961ರ ನಂತರ ಭಾರತದ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ಅಲ್ಲಿಗೆ ವಿಸ್ತರಿಸಬಹುದಿತ್ತು. ಆದರೆ ಅದನ್ನು ಬೇಡುವ ದೊಡ್ಡ ಗುಂಪು ಹುಟ್ಟಲಿಲ್ಲ, ಹಾಗಾಗಿ ಹಳೆಯದೇ ಉಳಿಯಿತು.

ಇದರಿಂದ ಹೆಣ್ಣುಮಕ್ಕಳಿಗೆ ಆದ ಲಾಭ ಕಡಿಮೆಯಲ್ಲ. ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿ ಇಬ್ಬರಿಗೂ ಎಲ್ಲ ಆಸ್ತಿಯಲ್ಲಿ ಅರ್ಧರ್ಧ ಹಕ್ಕು. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮನೆ, ಜಮೀನು ಮಾರುವಂತಿಲ್ಲ. ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು, ಮಕ್ಕಳಿಗೆ ಮೀಸಲಾದ ಅರ್ಧವನ್ನು ವಿಲ್ ಬರೆದು ತಪ್ಪಿಸುವಂತಿಲ್ಲ. ಕರ್ನಾಟಕದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆ ಪಾಲು ಕೊಟ್ಟ ತಿದ್ದುಪಡಿ ಜಾರಿಯಾದದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. 2012ರಲ್ಲಿ ಗೋವಾ ವಿಧಾನಸಭೆ ಉತ್ತರಾಧಿಕಾರದ ನಿಯಮಗಳನ್ನು ತನ್ನದೇ ಕಾಯ್ದೆಯಾಗಿ ಬರೆದುಕೊಂಡಿತು. 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಗೋವಾ ನಿವಾಸಿ ಎಂದು ಕಾನೂನು ಗುರುತಿಸುವವರ ಆಸ್ತಿ ಗೋವಾದ ಹೊರಗಿದ್ದರೂ ಉತ್ತರಾಧಿಕಾರಕ್ಕೆ ಅಲ್ಲಿನ ಸಂಹಿತೆಯೇ ಅನ್ವಯ ಎಂದು ತೀರ್ಪು ನೀಡಿತು.

ಭಾಷೆಯಿಂದ ರಾಜ್ಯಕ್ಕೆ

ಜನಮತ ಗಣನೆ ಗೋವಾವನ್ನು ಪ್ರತ್ಯೇಕ ಉಳಿಸಿತೇ ಹೊರತು ರಾಜ್ಯವನ್ನಾಗಿ ಮಾಡಲಿಲ್ಲ. ಅದಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 1975ರಲ್ಲಿ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯಕ ಭಾಷೆಯೆಂದು ಮಾನ್ಯ ಮಾಡಿತು. ಎಂಬತ್ತರ ದಶಕದ ನಡುವೆ ಭಾಷಾ ಚಳವಳಿ ಬೀದಿಗಿಳಿಯಿತು, 1986ರ ಡಿಸೆಂಬರ್‌ನ ಗಲಭೆಗಳಲ್ಲಿ ಜೀವಗಳು ಹೋದವು. 1987ರ ಫೆಬ್ರುವರಿಯಲ್ಲಿ ದೇವನಾಗರಿ ಲಿಪಿಯ ಕೊಂಕಣಿಯನ್ನು ಅಧಿಕೃತ ಭಾಷೆಯಾಗಿ, ಮರಾಠಿಯ ಬಳಕೆಗೂ ಅವಕಾಶವಿಟ್ಟು, ಕಾಯ್ದೆ ಬಂತು. ಮೇ 30ರಂದು ಗೋವಾ ದೇಶದ 25ನೇ ರಾಜ್ಯವಾಯಿತು. 1992ರಲ್ಲಿ ಕೊಂಕಣಿ ಸಂವಿಧಾನದ 8ನೇ ಪರಿಚ್ಛೇದ ಸೇರಿತು.

ರೋಮನ್ ಲಿಪಿಯಲ್ಲಿ ಓದಿ ಬರೆಯುವ ಗೋವಾದ ಕ್ರೈಸ್ತರು ತಮ್ಮ ಲಿಪಿ ಹೊರಗುಳಿಯಿತೆಂದು ಇಂದಿಗೂ ದೂರುತ್ತಾರೆ. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವ ನಮ್ಮ ಕರಾವಳಿಯವರಿಗೆ ಆ ದೂರು ಅಪರಿಚಿತವಲ್ಲ. ಒಂದು ಸಂಸ್ಥೆ ಹುಟ್ಟುವಾಗ ಮೇಜಿನ ಮುಂದೆ ಕೂತವರ ಲಿಪಿ ಒಳಗೆ ಬರುತ್ತದೆ, ಹೊರಗೆ ನಿಂತವರದ್ದು ಕಾಯಬೇಕಾಗುತ್ತದೆ.

ರಾಜ್ಯವಾದದ್ದರ ಇನ್ನೊಂದು ಫಲ ಮಹದಾಯಿ ವ್ಯಾಜ್ಯದಲ್ಲಿ ಕಾಣುತ್ತದೆ. 2010ರಲ್ಲಿ ರಚನೆಯಾದ ನ್ಯಾಯಮಂಡಳಿಯ ಮುಂದೆ ಗೋವಾ ಸರಿಸಮಾನ ಕಕ್ಷಿಯಾಗಿ ನಿಂತು ವಾದಿಸಿತು. 2018ರ ಆಗಸ್ಟ್‌ನಲ್ಲಿ ಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಖಾನಾಪುರದ ಹಳ್ಳಿಗಳ ನೀರಿನ ಮಾತು 1967ರ ಆ ಮತಪೆಟ್ಟಿಗೆಯವರೆಗೂ ಹಿಂದಕ್ಕೆ ಹೋಗುತ್ತದೆ ಎಂದರೆ ತಪ್ಪಾಗಲಾರದು.

ಗಡಿ ಹಳ್ಳಿಯವರು ತಿಳಿದಿರಬೇಕಾದದ್ದು

2011ರ ಜನಗಣತಿಯಂತೆ ಗೋವಾದ ಜನಸಂಖ್ಯೆಯಲ್ಲಿ ಸುಮಾರು ಶೇ. 4.6ರಷ್ಟು ಮಂದಿಯ ಮಾತೃಭಾಷೆ ಕನ್ನಡ. ಅವರಲ್ಲಿ ಹಲವರು ದುಡಿಯಲು ಹೋಗಿ ನೆಲೆಸಿದವರು. ಅವರಿಗೂ, ಗಡಿಯಾಚೆ ನೆಂಟಸ್ತಿಕೆ ಇರುವವರಿಗೂ ಮೇಲಿನ ಇತಿಹಾಸ ದಿನನಿತ್ಯದ ವಿಷಯ.

ಮೊದಲನೆಯದು ಮನೆ. ಕೊಮುನಿದಾದ್ ಜಾಗವನ್ನು ಯಾರೋ ಒಬ್ಬರು ಸ್ಟಾಂಪ್ ಪೇಪರ್ ಮೇಲೆ ಬರೆದುಕೊಟ್ಟರೆ ಹಕ್ಕು ಬರುವುದಿಲ್ಲ. ಪಂಚಾಯತಿ ಮನೆ ನಂಬರ್ ಕೊಟ್ಟರೂ, ವಿದ್ಯುತ್ ಬಿಲ್ ಬಂದರೂ ನೆಲದ ಒಡೆತನ ಬೇರೆಯೇ. ಎರಡು ಸಂಸ್ಥೆಗಳು ಒಟ್ಟಿಗೆ ಉಳಿದದ್ದರ ನೇರ ಪರಿಣಾಮ ಇದು. 2025ರಲ್ಲಿ ಬಾಂಬೆ ಹೈಕೋರ್ಟ್‌ನ ಗೋವಾ ಪೀಠ ರಸ್ತೆಬದಿಯ ಮತ್ತು ಕೊಮುನಿದಾದ್ ಜಾಗದ ಅಕ್ರಮ ಕಟ್ಟಡಗಳ ವಿರುದ್ಧ ಆದೇಶ ನೀಡಿತು. ಅದೇ ವರ್ಷ ವಿಧಾನಸಭೆ 1961ರ ಅದೇ ಸಂಹಿತೆಗೆ ತಿದ್ದುಪಡಿ ಅಂಗೀಕರಿಸಿ, 2014ಕ್ಕೆ ಮುಂಚಿನ ಮನೆಗಳನ್ನು ಷರತ್ತಿನ ಮೇಲೆ ಸಕ್ರಮಗೊಳಿಸಲು ಹೊರಟಿತು. ಅರ್ಜಿ ಹಾಕುವ ಮುನ್ನ ಆ ಹೊತ್ತಿಗೆ ಯಾವ ನಿಯಮ ಜಾರಿಯಲ್ಲಿದೆ ಎಂದು ವಕೀಲರಲ್ಲಿ ವಿಚಾರಿಸುವುದು ಒಳಿತು.

ಎರಡನೆಯದು ಜಮೀನು ಖರೀದಿ. ಪೋರ್ತುಗೀಸ್ ಕಾಲದ ಪತ್ರಗಳನ್ನು ನಕಲಿಯಾಗಿ ಸೃಷ್ಟಿಸಿ ಭೂಮಿ ಕಬಳಿಸಿದ ಪ್ರಕರಣಗಳ ತನಿಖೆಗೆ 2022ರಲ್ಲಿ ವಿಶೇಷ ತನಿಖಾ ತಂಡವನ್ನೇ ರಚಿಸಬೇಕಾಯಿತು. ಫಾರಂ 1 ಮತ್ತು 14ರ ಜೊತೆಗೆ ಹಳೆಯ ನೋಂದಣಿಯನ್ನೂ, ಮಾರುವವರ ಪತಿ ಅಥವಾ ಪತ್ನಿಯ ಸಹಿಯನ್ನೂ ನೋಡದೆ ಮುಂಗಡ ಕೊಡಬಾರದು.

ಮೂರನೆಯದು ಮದುವೆ. ಗೋವಾದಲ್ಲಿ ಮದುವೆಗೆ ಸಿವಿಲ್ ರಿಜಿಸ್ಟ್ರಾರ್ ಮುಂದೆ ಎರಡು ಹಂತದ ನೋಂದಣಿ ಇದೆ. ಮೊದಲು ಇಚ್ಛೆಯ ಘೋಷಣೆ, ಕೆಲವು ದಿನಗಳ ನಂತರ ದೃಢೀಕರಣ. ಮೊದಲ ಸಹಿಯಷ್ಟಕ್ಕೇ ಮದುವೆ ಮುಗಿಯಿತೆಂದು ತಿಳಿಯುವುದು, ಇಲ್ಲವೇ ಮಂಟಪದಲ್ಲಿ ತಾಳಿ ಕಟ್ಟಿದರೆ ಸಾಕೆಂದು ಬಿಡುವುದು, ಎರಡೂ ತೊಂದರೆಗೆ ದಾರಿ. ಕಾಣಕೋಣಕ್ಕೆ ಹೋಗುವ ಮಗಳಿಗೆ ಅರ್ಧ ಆಸ್ತಿಯ ಹಕ್ಕು ಸಿಗುವುದು, ಬಿಡುವುದು ಈ ಕಾಗದದ ಮೇಲೆಯೇ ನಿಂತಿದೆ. ಒಡವೆಯ ಪಟ್ಟಿ ಮಾಡುವಷ್ಟೇ ಕಾಳಜಿಯಿಂದ ಹೆತ್ತವರು ಇದನ್ನೂ ನೋಡಿಕೊಳ್ಳಬೇಕು.